ಗೇಟಿನ ಮುಂದೆ ಕೊಟ್ಟ ಅವಕಾಶ

ಗಾಡಿ ನಿಲ್ಲಿಸಿದ ಮೇಲೆ ಅವರು ಕೂಡಲೇ ಹೊರಟುಬಿಡುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಒಂದನೇ ಗೇರಿಗೆ ಹಾಕಿ, ಇಳಿದು ಬಾಗಿಲು ಮುಚ್ಚಿ, ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಬಸದಿಯಲ್ಲಿ ಪ್ರದಕ್ಷಿಣೆ ಬರುವಷ್ಟೇ ನಿಧಾನ. ನಾಲ್ಕೂ ಚಕ್ರ ನೋಡುವುದು, ಗೋಡೆಗೂ ಗಾಡಿಗೂ ನಡುವೆ ಕೈ ಹಾಯಿಸಿ ನೋಡುವುದು, ಕೊನೆಗೆ ಅದರ ಮೂತಿಯ ಮೇಲೆ ಎರಡು ಬೆರಳಿನಿಂದ ಎರಡು ಸಲ ತಟ್ಟುವುದು. "ಯಾರಿಗೂ ಅಡ್ಡ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡ ಮೇಲೆ ಹೆಜ್ಜೆ ಮುಂದೆ ಇಡುತ್ತಿದ್ದರು.

ಅವರು ತೀರಿಕೊಂಡು ಇಂದಿಗೆ ಇಪ್ಪತ್ತಮೂರು ದಿನ. ಹೆಸರು ಬರೆಯುವುದಿಲ್ಲ. ನಮ್ಮ ಓಣಿಯ ಮಲಯಾಳಿಗಳಿಗೆ ಅವರು ಡ್ರೈವರೇಟ್ಟನ್. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಕೆಲವು ಜೈನ ಕುಟುಂಬಗಳಿಗೆ ಡ್ರೈವರಣ್ಣ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನಾನು ಅವರಿಗಿಂತ ಹದಿನೈದು ವರ್ಷ ಚಿಕ್ಕವನು, ಅವರ ಮನೆಯಿಂದ ಮೂರು ಮನೆ ಈಚೆ ಇರುವವನು, ಆಧಾರ ಬರೆಯುವವನು. ನಮ್ಮಲ್ಲಿ ಜಮೀನಿನ ಕ್ರಯಪತ್ರಕ್ಕೆ ಆಧಾರ ಎನ್ನುತ್ತಾರೆ. ವಯನಾಡಿನ ಪನಮರಂನ ಒಂದು ಸಣ್ಣ ಕೋಣೆಯಲ್ಲಿ ಕೂತು, ಯಾರ ಜಮೀನಿನ ಯಾವ ಮೂಲೆಯಲ್ಲಿ ಯಾವ ಕಲ್ಲಿದೆ ಎಂದು ಬರೆಯುವುದು ನನ್ನ ಕೆಲಸ. ಹಾಗಾಗಿ ಇಲ್ಲಿಯೂ ಅಳತೆಯಿಂದಲೇ ಶುರುಮಾಡುತ್ತೇನೆ.

ನಮ್ಮ ಓಣಿ ಪನಮರಂನಿಂದ ಬಸ್ಸಿನಲ್ಲಿ ಕಾಲು ಗಂಟೆಯ ದಾರಿಯಲ್ಲಿದೆ. ಕಾಂಕ್ರೀಟ್ ಹಾಕಿದ್ದು, ಅಗಲ ಹತ್ತಡಿ. ರಸ್ತೆಯಿಂದ ಶುರುವಾಗಿ ಇನ್ನೂರ ಹತ್ತು ಹೆಜ್ಜೆ ನಡೆದರೆ ಡ್ರೈವರಣ್ಣನ ಗೇಟು. ಅಲ್ಲಿಗೆ ಓಣಿ ಮುಗಿಯಿತು, ಆಚೆ ಗದ್ದೆ. ಮನೆ ಕಟ್ಟುವಾಗ ಅವರು ಕಾಂಪೌಂಡ್ ಗೋಡೆಯನ್ನು ತಮ್ಮ ಗಡಿಯಲ್ಲಿ ಕಟ್ಟಲಿಲ್ಲ. ಎಂಟು ಅಡಿ ಒಳಗೆ ಸರಿದು ಕಟ್ಟಿದರು. ಮೇಸ್ತ್ರಿ ತಲೆ ಚಚ್ಚಿಕೊಂಡನಂತೆ. "ಸ್ವಂತ ಜಾಗ ಬಿಟ್ಟು ಯಾರಾದ್ರೂ ಒಳಗೆ ಗೋಡೆ ಹಾಕ್ತಾರಾ?" ಎಂದು ಕೇಳಿದ್ದಕ್ಕೆ ಇವರು, "ಓಣಿ ಒಳಕ್ಕೆ ಬಂದ ಗಾಡಿ ಎಲ್ಲಿ ತಿರುಗ್ಬೇಕು? ಹಿಂದು ಹಿಂದಕ್ಕೇ ಹೋಗ್ಬೇಕಾ?" ಎಂದರಂತೆ. ಅವರು ಬಿಟ್ಟ ಆ ಜಾಗದಲ್ಲಿ ಹಾಲಿನ ಗಾಡಿ ತಿರುಗಿತು, ಗ್ಯಾಸಿನ ಗಾಡಿ ತಿರುಗಿತು, ಇಡೀ ಓಣಿಯ ಆಟೋಗಳು ತಿರುಗಿದವು. ಯಾರೂ ಅದು ಯಾರ ಜಾಗ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಾನು ಗಾಡಿ ಕಲಿತದ್ದು ಐವತ್ತರ ಹತ್ತಿರ ಹತ್ತಿರ, ಅವರ ಕೈಯಲ್ಲೇ, ಕೊಯ್ಲಾದ ಗದ್ದೆಯಲ್ಲಿ. ಮೊದಲ ದಿನ ಎರಡು ಬಕೆಟ್ ಇಟ್ಟರು, ನಡುವೆ ತಮ್ಮ ಹಳೆಯ ವ್ಯಾನು ನಿಲ್ಲಿಸಿದರು.

"ಮೊದ್ಲು ನಿಲ್ಸೋದು ಕಲಿ. ಓಡ್ಸೋದು ಆಮೇಲೆ."

"ನಿಂತಿರೋ ಗಾಡಿನ ಹೆಂಗಣ್ಣ ನಿಲ್ಸೋದು?"

"ನಿಂತಿರೋದು ಬೇರೆ, ನಿಲ್ಸಿರೋದು ಬೇರೆ. ಹಸು ನಿಂತಿರುತ್ತೆ. ಗಾಡಿನ ಯಾರೋ ಒಬ್ಬ ನಿಲ್ಸಿರ್ತಾನೆ. ಅವನ ಹೆಸರು ಅದರ ಮೇಲೆ ಬರ್ದಿರುತ್ತೆ, ನಿಂಗೆ ಕಾಣಲ್ಲ ಅಷ್ಟೆ."

ಒಂದು ವಾರ ನಿಲ್ಲಿಸುವುದೇ ಆಯಿತು. ಗಾಡಿಯ ಮೂತಿ ಯಾವಾಗಲೂ ಹೊರಗಡೆಗೆ ಇರಬೇಕು. ಮನೆಯಲ್ಲಿ ಯಾರಿಗೋ ಏನೋ ಆದಾಗ ಹಿಂದಕ್ಕೆ ತೆಗೆಯುತ್ತಾ ಕೂರುವುದಕ್ಕೆ ಆಗುವುದಿಲ್ಲ. ಸಾಲಿನಲ್ಲಿ ನಿಂತಾಗ ಮುಂದಿನ ಗಾಡಿಯ ಹಿಂಚಕ್ರ ನೆಲ ಮುಟ್ಟುವುದು ಕಣ್ಣಿಗೆ ಕಾಣಬೇಕು. ಕಂಡರೆ ಪಕ್ಕಕ್ಕೆ ತೆಗೆಯುವಷ್ಟು ಜಾಗ ಉಳಿದಿದೆ ಎಂದರ್ಥ. ಮುತ್ತಂಗದ ಚೆಕ್‌ಪೋಸ್ಟಿನ ಸಾಲಿನಲ್ಲಿ ಹಾಗೆ ಜಾಗ ಬಿಟ್ಟು ನಿಂತದ್ದಕ್ಕೆ ಹಿಂದಿನವರಿಂದ ಬೈಸಿಕೊಂಡದ್ದನ್ನು ಅವರು ಬಹುಮಾನ ಬಂದ ಹಾಗೆ ಹೇಳುತ್ತಿದ್ದರು. ಇನ್ನೊಂದು ಮಾತು: "ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ಬೇಡ. ಡೀಸೆಲ್ ಉಳೀತು ಅನ್ಸುತ್ತೆ. ಆದ್ರೆ ಗಾಡಿ ನಿನ್ ಕೈಲಿರಲ್ಲ." ಆ ಮಾತು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಅದು ಮುಂದೆ ಬರುತ್ತದೆ.

ಅವರ ಮಗಳ ಮದುವೆಗೆ ಮೈಸೂರಿನ ಕಡೆಯಿಂದ ಹದಿನೆಂಟು ಕಾರು ಬರುವುದಿತ್ತು. ಹಿಂದಿನ ವಾರ ಅವರು ಗದ್ದೆಯವನ ಹತ್ತಿರ ಹೋಗಿ ಕೂಳೆ ಗದ್ದೆಯಲ್ಲಿ ಕಾರು ನಿಲ್ಲಿಸಿಕೊಳ್ಳಲು ಕೇಳಿಕೊಂಡು ಬಂದರು. ಆಮೇಲೆ ಓಣಿಯ ಹನ್ನೊಂದು ಮನೆಗೂ ಹೋಗಿ, "ಆ ದಿನ ನಿಮ್ಮ ಗೇಟಿನ ಮುಂದೆ ಯಾವ ಕಾರೂ ನಿಲ್ಲಲ್ಲ. ನಿಂತ್ರೆ ನನ್ನನ್ನ ಕೂಗಿ, ಮಂಟಪದಿಂದ ಎದ್ದು ಬರ್ತೀನಿ" ಎಂದರು. ಅತ್ತಿಗೆ, ಅಂದರೆ ಅವರ ಹೆಂಡತಿ, ಇದನ್ನು ಹೇಳಿ ಹೇಳಿ ನಗುತ್ತಿದ್ದರು. "ಧಾರೆ ಎರೆಯೋ ಹೊತ್ತಲ್ಲೂ ಇವರ ಕಣ್ಣು ಓಣಿ ಮೇಲೇ. ನೀರು ಅಳಿಯನ ಕೈ ಮೇಲೆ ಬಿತ್ತೋ ಪುರೋಹಿತರ ಕಾಲ ಮೇಲೆ ಬಿತ್ತೋ ಇವರಿಗೆ ಗೊತ್ತಿಲ್ಲ."

ಮಾತಿನಲ್ಲೂ ಅವರಿಗೆ ಪಾರ್ಕಿಂಗಿನದೇ ಧ್ಯಾನ. ಗುಂಡ್ಲುಪೇಟೆಯ ತರಕಾರಿ ವ್ಯಾಪಾರಿಯೊಬ್ಬ ಅವರ ಬಸ್ಸಿನಲ್ಲಿ "ಅವಸರ ಇದೆ, ಅವಸರ ಇದೆ" ಎಂದು ಕೂಗುತ್ತಿದ್ದನಂತೆ. ಮಲಯಾಳಿ ಕಂಡಕ್ಟರ್, "ಎನ್ತ್ ಅವಸರಂ?" ಎಂದು ಆಸೆಯಿಂದ ಕೇಳಿದನಂತೆ. ಮಲಯಾಳದಲ್ಲಿ ಅವಸರಂ ಎಂದರೆ ಒಳ್ಳೆಯ ಸಂದರ್ಭ, ಚಾನ್ಸು. ಅವನಿಗೆ ಏನೋ ಕೆಲಸ ಸಿಗುತ್ತದೆ ಅನ್ನಿಸಿತ್ತು. ಈ ಕತೆ ಹೇಳಿ ಡ್ರೈವರಣ್ಣ ಬೆರಳು ಮಡಿಸುತ್ತಿದ್ದರು: "ನಮ್ಮ ಅವಕಾಶಕ್ಕೆ ಅವರು ಅವಸರ ಅಂತಾರೆ. ನಮ್ಮ ಅವಸರಕ್ಕೆ ಧೃತಿ ಅಂತಾರೆ. ನಮ್ಮ ಧೃತಿಗೆ ಧೈರ್ಯ ಅಂತಾರೆ. ನೋಡು, ಎಲ್ಲಾ ಮಾತೂ ಒಂದೊಂದು ಮನೆ ಮುಂದಕ್ಕೆ ಹೋಗಿ ನಿಂತ್ಕೊಂಡಿದೆ, ಪಾರ್ಕಿಂಗ್ ತಪ್ಪಿದ ಹಂಗೆ." ನಾವು ನಗುತ್ತಿದ್ದೆವು. ಆದರೆ ಮೊದಲನೆಯ ಮಾತು, ಅವಕಾಶ, ಅದು ಮಲಯಾಳದಲ್ಲಿ ಯಾರ ಮನೆಯ ಮುಂದೆ ಹೋಗಿ ನಿಂತಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಟಿಪ್ಪರಿನ ವಿಷಯ.

ನಮ್ಮ ಓಣಿಯ ಬಾಯಲ್ಲಿ ಪಂಚಾಯತ್ ಒಂದು ಬೋರ್ಡು ನೆಟ್ಟಿದೆ. ಯಾವ ಪಂಚಾಯತ್ ಎಂದು ಬರೆಯುವುದಿಲ್ಲ. ಮನೆಗಳಿರುವ ಓಣಿಯಲ್ಲಿ ಲಾರಿ, ಟಿಪ್ಪರ್, ಮಣ್ಣು ಅಗೆಯುವ ಯಂತ್ರ ನಿಲ್ಲಿಸಬಾರದು. ಓಡದ ವಾಹನವನ್ನು ತಂದಿಡಬಾರದು. ಯಾರ ಗೇಟಿಗೂ ಅಡ್ಡ ನಿಲ್ಲಿಸಬಾರದು. ಕೆಳಗೆ ಸಣ್ಣ ಅಕ್ಷರದಲ್ಲಿ: ಪಕ್ಕದ ಮನೆಯವರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ವಿನಾಯಿತಿ. ಬೋರ್ಡು ನೆಟ್ಟ ದಿನ ಡ್ರೈವರಣ್ಣ ಅದರ ಮುಂದೆ ನಿಂತು ಪೂರ್ತಿ ಓದಿದರು. "ಕೊನೇ ಸಾಲು ಬೇಕಾಗಿರ್ಲಿಲ್ಲ" ಎಂದರು. ಆ ಕೊನೆಯ ಸಾಲಿನಲ್ಲಿ ಅವರೇ ಸಿಕ್ಕಿಬಿದ್ದರು.

ಓಣಿಯ ನಾಲ್ಕನೇ ಮನೆಯವನದು ಒಂದು ಟಿಪ್ಪರ್. ಕ್ವಾರಿಯ ಜಲ್ಲಿ ಹೊಡೆಯುತ್ತಿದ್ದದ್ದು. ಅವನಿಗೆ ಸ್ವಂತ ಅಂಗಳವಿದೆ. ನನ್ನ ಹೆಜ್ಜೆಯಲ್ಲಿ ಅಳೆದರೆ ಎರಡು ಟಿಪ್ಪರ್ ನಿಲ್ಲುವಷ್ಟು. ಆದರೆ ಆ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಸಿದ್ದ. ಟಿಪ್ಪರ್ ನಿಂತರೆ ಇಂಟರ್‌ಲಾಕ್ ಕುಸಿಯುತ್ತದೆ, ಎಣ್ಣೆಯ ಕಲೆ ಬೀಳುತ್ತದೆ. ಅಂಗಳದ ಅಂದ ಕಾಪಾಡುವುದಕ್ಕೆ ಅವನಿಗೆ ಬೇರೆಯವರ ಗೇಟು ಬೇಕಾಯಿತು. ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ ಡ್ರೈವರಣ್ಣನ ಜಗಲಿಗೆ ಬಂದು, ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಪೊಲೀಸರು ಬಿಡುವುದಿಲ್ಲ, ಬೇರೆ ಜಾಗ ನೋಡುತ್ತಿದ್ದೇನೆ, ಎರಡು ವಾರ ನಿಮ್ಮ ಗೋಡೆಯ ಪಕ್ಕ ನಿಲ್ಲಿಸಿಕೊಳ್ಳುತ್ತೇನೆ, ಪಂಚಾಯತ್ತಿಗೆ ತೋರಿಸಲು ಒಂದು ಕಾಗದ ಕೊಡಿ ಎಂದ. ಇವರ ಮನಸ್ಸು ಕರಗಿತು. ಜಾಗವಿಲ್ಲದ ಗಾಡಿಯನ್ನು ಕಂಡರೆ ಅವರಿಗೆ ಛತ್ರ ಸಿಗದ ಪ್ರಯಾಣಿಕನನ್ನು ಕಂಡ ಹಾಗೆ.

ಬಾಯಿಮಾತಿನಲ್ಲಿ ಅವರ ಮಲಯಾಳ ಎಲ್ಲರ ಹಾಗೆಯೇ ಇತ್ತು. ಆದರೆ ಕಾಗದ ಹಿಡಿದರೆ ದೊಡ್ಡ ಮಾತು ಹುಡುಕುತ್ತಿದ್ದರು. ಅವರಿಗೆ ದೊಡ್ಡ ಮಾತುಗಳು ಬಂದದ್ದು ಕನ್ನಡದಿಂದ, ತಾಯಿ ಓದಿಸುತ್ತಿದ್ದ ಪುರಾಣಗಳಿಂದ. 'ನಿಲ್ಲಿಸಿಕೊಳ್ಳಲಿ' ಎಂದು ಬರೆದಿದ್ದರೆ ಸಾಕಿತ್ತು. ಅವರು ಬರೆದದ್ದು ಹೀಗೆ: ಜಾಗ ಸರಿಹೋಗುವವರೆಗೆ ನನ್ನ ಗೇಟಿನ ಮುಂದೆ ವಾಹನ ನಿಲ್ಲಿಸಲು ಇವರಿಗೆ ಅವಕಾಶಂ ಕೊಡುತ್ತಿದ್ದೇನೆ.

ಅವಕಾಶ. ನಮ್ಮಲ್ಲಿ ಅದು ಎಡೆ ಮಾಡಿಕೊಡುವುದು, ಸ್ವಲ್ಪ ಸರಿದು ಕೂರುವುದು. ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ವಾರಸುದಾರನನ್ನು ಅವಕಾಶಿ ಎನ್ನುತ್ತಾರೆ. ನಾನು ಬರೆಯುವ ಪ್ರತಿ ಆಧಾರದಲ್ಲೂ ಆ ಪದ ನಾಲ್ಕಾರು ಸಲ ಬರುತ್ತದೆ. ಈ ವಯನಾಡಿನಲ್ಲಿ ಆ ಎರಡು ಅರ್ಥಗಳ ನಡುವಿನ ಕಂದಕ ಗೊತ್ತಿರಬೇಕಾದವನು ಯಾರಾದರೂ ಇದ್ದರೆ ಅದು ನಾನು.

ಸಾಕ್ಷಿ ಸಹಿ ನನ್ನದು.

ಅವರು ನನ್ನ ಗೇಟಿನ ಬಳಿ ನನ್ನನ್ನು ತಡೆದರು. ಕಾಗದದಲ್ಲಿರುವುದನ್ನು ಕನ್ನಡದಲ್ಲಿ ಹೇಳಿದರು: "ಎರಡು ವಾರ ಇರ್ಲಿ ಅಂತ ಅವಕಾಶ ಕೊಟ್ಟಿದ್ದೀನಿ. ಒಂದು ಸೈನ್ ಹಾಕು." ನನಗೆ ಎಂಟೂ ಐವತ್ತರ ಬಸ್ಸು ಹಿಡಿಯುವ ಅವಸರ. ಓಣಿಯಲ್ಲಿ ನಿಂತಿದ್ದ ಯಾರದೋ ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಓದದೆ ಸಹಿ ಹಾಕಿದ ಕಾಗದ ಅದೊಂದೇ.

ಮೊದಲ ಎರಡು ವಾರ ಟಿಪ್ಪರ್ ಗೋಡೆಗೆ ಒತ್ತಿಕೊಂಡು, ಗೇಟು ಬಿಟ್ಟು ನಿಂತಿತು. ಮಳೆ ಬಂತು. ಗೋಡೆಯ ಪಕ್ಕ ಕೆಸರು ಎಂದು ಅರ್ಧ ಗೇಟಿಗೆ ಸರಿಯಿತು. ಆಮೇಲೆ ಪೂರ್ತಿ ಗೇಟಿಗೆ ಅಡ್ಡವಾಯಿತು. ಆಮೇಲೆ ಓಡುವುದನ್ನೂ ನಿಲ್ಲಿಸಿತು. ಅದರ ಮೇಲೆ ನೀಲಿ ಟಾರ್ಪಾಲು ಬಂತು. ಒಳಗೆ ಹಳೆಯ ಟಯರು, ಸಿಮೆಂಟಿನ ಖಾಲಿ ಚೀಲ, ಯಾವುದೋ ಯಂತ್ರದ ಮುರಿದ ಬಕೆಟ್ಟು. ಯಾರದೋ ಕೋಳಿ ಅದರಲ್ಲಿ ಮೊಟ್ಟೆ ಇಟ್ಟಿತು. ಕೇಳಿದರೆ ಅವನದು ಒಂದೇ ಉತ್ತರ: "ಗೇರ್‌ಬಾಕ್ಸ್ ಕೊಯಮತ್ತೂರಿಗೆ ಹೋಗಿದೆ. ಧೃತಿ ವೇಂಡ ಡ್ರೈವರೇಟ್ಟಾ, ಶರಿಯಾಕ್ಕಾಂ." ಅವಸರ ಬೇಡ, ಸರಿಮಾಡೋಣ ಎಂದು ಅದರ ಅರ್ಥ. ಮಾತು ಯಾವಾಗಲೂ ಮೆತ್ತಗೆ. ಅದನ್ನು ಕನ್ನಡದ ಕಿವಿಯಿಂದ ಕೇಳಿದರೆ, ಧೈರ್ಯ ಬೇಡ ಎಂದು ಕೇಳಿಸುತ್ತದೆ.

ಇದರಿಂದ ಕಳೆದುಹೋದದ್ದು ಏನು ಎಂದು ಸರಿಯಾಗಿ ಹೇಳಬೇಕು. ಅತ್ತಿಗೆಗೆ ಎರಡೂ ಮೂತ್ರಪಿಂಡ ಕೆಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಡ್ರೈವರಣ್ಣನ ವ್ಯಾನಿನ ಹಿಂದಿನ ಸೀಟು ತೆಗೆಸಿ ಅಲ್ಲಿ ಅವರಿಗೆ ಮಲಗಲು ಹಾಸಿಗೆ ಮಾಡಿಸಿದ್ದರು. ಆ ವ್ಯಾನು ಅಂಗಳದಲ್ಲಿ, ಮೂತಿ ಹೊರಗಡೆ ಮಾಡಿಕೊಂಡು, ಟಿಪ್ಪರಿನ ಹಿಂದೆ ಬಂದಿಯಾಯಿತು. ಆಟೋದವರು ಓಣಿಯೊಳಗೆ ಬರುವುದನ್ನು ನಿಲ್ಲಿಸಿದರು, ಏಕೆಂದರೆ ತಿರುಗುವ ಜಾಗವೇ ಇಲ್ಲ. ಡಯಾಲಿಸಿಸ್ ಮುಗಿಸಿ ಬಂದವರಿಗೆ ತಲೆ ಸುತ್ತುತ್ತಿರುತ್ತದೆ, ಕಾಲಲ್ಲಿ ಬಲವಿರುವುದಿಲ್ಲ. ಆ ಸ್ಥಿತಿಯಲ್ಲಿ ಇನ್ನೂರ ಹತ್ತು ಹೆಜ್ಜೆ. ಡ್ರೈವರಣ್ಣ ಒಂದು ಕೈಯಲ್ಲಿ ಅವರನ್ನೂ ಇನ್ನೊಂದು ಕೈಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನೂ ಹಿಡಿದು ನಡೆಯುತ್ತಿದ್ದರು. ನಲವತ್ತು ಹೆಜ್ಜೆಗೊಮ್ಮೆ ಕುರ್ಚಿ ಇಡುವುದು, ಕೂರಿಸುವುದು, ಏಳಿಸುವುದು. ಕುರ್ಚಿ ಇಡುವಾಗಲೂ ಓಣಿಯ ಅಂಚಿಗೆ ಇಡುತ್ತಿದ್ದರು, ಸ್ಕೂಟರಿಗೆ ಅಡ್ಡವಾಗಬಾರದೆಂದು. ಕೊನೆಗೆ ಟಿಪ್ಪರಿಗೂ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟು ಸಂದು. ಅಲ್ಲಿ ಅತ್ತಿಗೆಯ ಸೀರೆಗೆ ಗ್ರೀಸು ಹತ್ತುತ್ತಿತ್ತು.

ನಾನು ಕುರ್ಚಿ ಹಿಡಿಯಲು ಹೋದ ದಿನಗಳೂ ಇದ್ದವು, ಹೋಗದ ದಿನಗಳೂ ಇದ್ದವು. ಹೋಗದ ದಿನಗಳೇ ಹೆಚ್ಚು.

ಅತ್ತಿಗೆಯ ನಾಲಗೆ ಮಾತ್ರ ಸೋತಿರಲಿಲ್ಲ. ಟಿಪ್ಪರಿನ ಕೆಳಗೆ ಎಣ್ಣೆ ಸೋರಿದ್ದನ್ನು ತೋರಿಸಿ ಒಂದು ದಿನ, "ಇದಕ್ಕೂ ಕಿಡ್ನಿ ಹೋಗಿದೆ ನೋಡು. ವಾರಕ್ಕೆ ಮೂರು ದಿನ ನನ್ನ ಜೊತೆ ಕರ್ಕೊಂಡು ಹೋಗ್ಲಾ?" ಎಂದರು.

ಡ್ರೈವರಣ್ಣ ಪಂಚಾಯತ್ತಿಗೆ ದೂರು ಕೊಟ್ಟರು. ವಿಚಾರಿಸಲು ಒಬ್ಬರು ಬಂದರು. ತಮ್ಮ ಜೀಪನ್ನು ಬೋರ್ಡಿನ ಕಂಬಕ್ಕೆ ಒರಗಿಸಿದ ಹಾಗೆ ನಿಲ್ಲಿಸಿ ಒಳಗೆ ನಡೆದು ಬಂದರು. ಟಿಪ್ಪರ್ ನೋಡಿ, ಗೇಟು ನೋಡಿ, ಬರೆದುಕೊಂಡು ಹೋದರು. ಎರಡು ತಿಂಗಳ ಮೇಲೆ ವಿಚಾರಣೆಗೆ ಕರೆ ಬಂತು. ಟಿಪ್ಪರಿನವನು, ಡ್ರೈವರಣ್ಣ, ಸಾಕ್ಷಿಯಾಗಿ ನಾನು.

ಮಾತೆಲ್ಲ ಮಲಯಾಳದಲ್ಲಿ ನಡೆಯಿತು; ಕನ್ನಡದಲ್ಲಿ ಬರೆಯುತ್ತೇನೆ. ಡ್ರೈವರಣ್ಣ, ಓಡದ ವಾಹನ ಇಡಬಾರದು ಎಂದು ನಿಮ್ಮ ಬೋರ್ಡೇ ಹೇಳುತ್ತದಲ್ಲ ಎಂದರು. ಟಿಪ್ಪರಿನವನು ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲ ಮೇಜಿನ ಮೇಲೆ ಇಟ್ಟು, "ಇದು ಓಡುವ ವಾಹನ ಸಾರ್" ಎಂದ. ಹಾಗಾದರೆ ತೆಗೆ ಎಂದರು ಇವರು. "ತೆಗೆಯೋದು ಹೇಗೆ? ಗೇರ್‌ಬಾಕ್ಸ್ ಇಲ್ಲವಲ್ಲ" ಎಂದ. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿಯಮದ ಮುಂದೆ ಅದು ಓಡುವ ಗಾಡಿ, ಅತ್ತಿಗೆಯ ಮುಂದೆ ಓಡದ ಗಾಡಿ. ಮೇಜಿನ ಆ ಕಡೆ ಕೂತಿದ್ದ ಅಧಿಕಾರಿ ಎರಡನ್ನೂ ಬರೆದುಕೊಂಡರು. ಅವರ ಪೆನ್ನು ಒಂದು ಕ್ಷಣವೂ ತಡವರಿಸಲಿಲ್ಲ.

ಆಮೇಲೆ ಟಿಪ್ಪರಿನವನು ಕಾಗದ ಹೊರಗೆ ತೆಗೆದ. "ಡ್ರೈವರೇಟ್ಟಾ, ಅವಕಾಶಂ ಕೊಡ್ತೀನಿ ಅಂತ ನೀವೇ ಬರೆದಿದ್ದೀರಲ್ಲ?"

"ಕೊಟ್ಟೆ. ಎರಡು ವಾರಕ್ಕೆ."

"ಎರಡು ವಾರ ಅಂತ ಇಲ್ಲ. ಜಾಗ ಸರಿಹೋಗುವವರೆಗೆ ಅಂತ ಇದೆ. ಹಕ್ಕು ಕೊಟ್ಟ ಮೇಲೆ ಹಿಂದಕ್ಕೆ ತಗೊಳ್ಳೋಕೆ ನೀವು ಕೋರ್ಟಿಗೆ ಹೋಗಬೇಕಾಗುತ್ತೆ" ಎಂದರು ಅಧಿಕಾರಿ, ಕಾಗದ ಓದಿ.

ಆಗ ಡ್ರೈವರಣ್ಣನಿಗೆ ಹೊಳೆಯಿತು. ಮುಖದಲ್ಲಿ ಅದು ಹೊಳೆದದ್ದನ್ನು ನಾನು ಕಂಡೆ. "ಹಕ್ಕಲ್ಲ ಸಾರ್. ಅದು ಕನ್ನಡ. ನಮ್ಮ ಕನ್ನಡದಲ್ಲಿ ಅವಕಾಶ ಅಂದ್ರೆ..." ಎಂದು ಎರಡು ಕೈಯನ್ನೂ ಸ್ವಲ್ಪ ಅಗಲ ಮಾಡಿ ತೋರಿಸಿದರು, ಬಸ್ಸಿನಲ್ಲಿ ಇನ್ನೊಬ್ಬರಿಗೆ ಸೀಟಿನಲ್ಲಿ ಜಾಗ ಬಿಡುವ ಹಾಗೆ. ಟಿಪ್ಪರಿನವನು ನಕ್ಕ. "ಬರೆದಿರೋದು ಮಲಯಾಳದಲ್ಲಿ, ಅರ್ಥ ಮಾತ್ರ ಕರ್ನಾಟಕದಿಂದ ತರಬೇಕಾ?" ಕೋಣೆಯಲ್ಲಿ ಇನ್ನೂ ಇಬ್ಬರು ನಕ್ಕರು.

ಅಧಿಕಾರಿ ನನ್ನ ಕಡೆ ತಿರುಗಿದರು. "ಈ ಸಹಿ ನಿಮ್ಮದಾ?"

"ಹೌದು."

"ನೀವು ಆಧಾರ ಬರೆಯುವವರು. ಓದಿ ಸಹಿ ಹಾಕಿದ್ದೀರಲ್ಲ?"

ಓದಿರಲಿಲ್ಲ ಎಂದು ನಾನು ಹೇಳಬೇಕಿತ್ತು. ಇವರು ನನಗೆ ಹೇಳಿದ್ದು ಎರಡು ವಾರ ಎಂದೇ, ಕನ್ನಡದಲ್ಲೇ, ನಾನು ಅದಕ್ಕೆ ಸಾಕ್ಷಿ ಎನ್ನಬೇಕಿತ್ತು. ಆದರೆ ಓದದೆ ಸಹಿ ಹಾಕುವ ಆಧಾರದವನ ಹತ್ತಿರ ನಾಳೆ ಯಾರು ಬರುತ್ತಾರೆ? ಆ ಕೋಣೆಯಲ್ಲಿ ನಕ್ಕವರೇ ಊರಿಗೆಲ್ಲ ಹೇಳುತ್ತಾರೆ.

"ಓದಿದ್ದೆ" ಎಂದೆ.

ಡ್ರೈವರಣ್ಣ ನನ್ನ ಕಡೆ ನೋಡಲಿಲ್ಲ. ಮೇಜಿನ ಅಂಚಿನ ಮೇಲೆ ಎರಡು ಬೆರಳಿನಿಂದ ಎರಡು ಸಲ ತಟ್ಟಿ ಎದ್ದರು. ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಓಣಿಯ ಬಾಯಲ್ಲಿ ಇಳಿದ ಮೇಲೆ, ಬೋರ್ಡಿನ ಹತ್ತಿರ ನಿಂತು, ಒಂದೇ ಒಂದು ಮಾತು ಹೇಳಿದರು: "ನ್ಯೂಟ್ರಲ್."

ಅಷ್ಟೇ. ಮರುದಿನ ಬೆಳಿಗ್ಗೆ ನನ್ನನ್ನು ಕಂಡಾಗ ಎಂದಿನ ಹಾಗೆಯೇ ಕಾಫಿ ಆಯ್ತಾ ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಅವರು ಟಿಪ್ಪರಿನ ಗಾಜು ಒಡೆಯಲಿಲ್ಲ, ಟಯರಿನ ಗಾಳಿ ಬಿಡಲಿಲ್ಲ. ಹಾಗೆ ಮಾಡಿ ಎಂದು ಹೇಳಿಕೊಟ್ಟವರು ಓಣಿಯಲ್ಲೇ ನಾಲ್ಕು ಜನ ಇದ್ದರು. ಬಂದು ಜೊತೆಗೆ ನಿಲ್ಲುತ್ತೇನೆ ಎಂದವರು ಒಬ್ಬರೂ ಇರಲಿಲ್ಲ, ನಾನೂ ಸೇರಿ. "ಗಾಡಿ ಏನ್ ಮಾಡ್ತು?" ಎನ್ನುತ್ತಿದ್ದರು ಅವರು. ದಿನಾ ಬೆಳಿಗ್ಗೆ ಏಳೂವರೆಗೆ ಅಂಗಳದಲ್ಲಿ ವ್ಯಾನು ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡುತ್ತಿದ್ದರು. ಎಲ್ಲಿಗೂ ಹೋಗಲಾಗದ ಗಾಡಿಗೆ ದಿನಾ ಉಸಿರು ಕೊಡುವುದು. ನಾನು ಶೇವ್ ಮಾಡಿಕೊಳ್ಳುವಾಗ ಆ ಸದ್ದು ಕೇಳಿಸುತ್ತಿತ್ತು. ಹದಿನಾಲ್ಕು ತಿಂಗಳು ಕೇಳಿಸಿತು.

ಒಂದು ಸೋಮವಾರ ಕೇಳಿಸಲಿಲ್ಲ.

ನಿದ್ದೆಯಲ್ಲೇ ಹೋಗಿದ್ದರು. ಟಿಪ್ಪರ್ ಅವರನ್ನು ಕೊಂದಿತು ಎಂದು ಓಣಿಯಲ್ಲಿ ಈಗ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಡಾಕ್ಟರು ಹಾಗೆ ಹೇಳಿಲ್ಲ. ನನಗೆ ಗೊತ್ತಿರುವುದು ಎಪ್ಪತ್ತು ದಾಟಿದ ಒಬ್ಬ ಮನುಷ್ಯ ವಾರಕ್ಕೆ ಮೂರು ದಿನ ಕುರ್ಚಿ ಹೊತ್ತದ್ದು ಮಾತ್ರ.

ಮಗಳು ಮೈಸೂರಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಇಡಲು ಫ್ರೀಜರ್ ಪೆಟ್ಟಿಗೆಯ ಗಾಡಿ ಕರೆಸಿದೆವು. ಅದು ಓಣಿಯ ಬಾಯಲ್ಲಿ ನಿಂತಿತು. ಒಳಗೆ ಬಂದರೆ ತಿರುಗಲು ಜಾಗವಿಲ್ಲ ಎಂದ ಡ್ರೈವರು. ಯಾರೋ ಟಿಪ್ಪರಿನವನಿಗೆ ಹೇಳಿದರು. ಅವನು ಬಂದ. ಜಗಲಿಯಲ್ಲಿ ನಿಂತು ಕೈ ಮುಗಿದ. ಅವನ ಕಣ್ಣು ತೇವವಾಗಿದ್ದದ್ದು ನಿಜ, ಅದನ್ನೂ ಬರೆಯಬೇಕು. ಆಮೇಲೆ ಟಾರ್ಪಾಲು ಎಳೆದು ಹಾಕಿ, ಮೇಲೆ ಹತ್ತಿ ಕೂತು, ಕೀಲಿ ತಿರುಗಿಸಿದ. ಟಿಪ್ಪರ್ ಸ್ಟಾರ್ಟ್ ಆಯಿತು. ಗ್ರರ್ ಎಂದು ರಿವರ್ಸ್ ಗೇರ್ ಬಿತ್ತು. ಹಿಂದು ಹಿಂದಕ್ಕೇ ಹೋಗಿ ತನ್ನ ಅಂಗಳದ ಇಂಟರ್‌ಲಾಕ್ ಮೇಲೆ ನಿಲ್ಲಿಸಿದ.

ನಾನು ಗಡಿಯಾರ ನೋಡಿಕೊಂಡೆ. ಒಂಬತ್ತೂ ಹತ್ತಕ್ಕೆ ಹತ್ತಿದ್ದ. ಒಂಬತ್ತೂ ಹದಿನಾಲ್ಕಕ್ಕೆ ಗೇಟು ಖಾಲಿ. ನಾಲ್ಕು ನಿಮಿಷ. ಬದುಕಿದ್ದವರಿಗೆ ಹದಿನಾಲ್ಕು ತಿಂಗಳಲ್ಲಿ ಸಿಗದ ನಾಲ್ಕು ನಿಮಿಷ ಹೆಣಕ್ಕೆ ಸಿಕ್ಕಿತು. ಕೊಯಮತ್ತೂರಿನ ಗೇರ್‌ಬಾಕ್ಸ್ ಯಾವಾಗ ವಾಪಸು ಬಂತು ಎಂದು ಅಲ್ಲಿ ನಿಂತಿದ್ದ ಮೂವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದು ಇಬ್ಬರು ಅವನ ಬೆನ್ನು ತಟ್ಟಿದರು.

ದಹನ ಮುಗಿಸಿ, ಸ್ನಾನ ಮಾಡಿ ನಾನು ಅವರ ಮನೆಗೆ ಬಂದಾಗ ನಾಲ್ಕೂವರೆ. ಅತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕೆಂಪು ಕುರ್ಚಿ ಪಕ್ಕದಲ್ಲೇ ಇತ್ತು.

"ನಾಳೆ ಮಂಗಳವಾರ" ಎಂದರು.

ಮಗಳು, "ಸೂತಕದಲ್ಲಿ ಹೊರಗೆ ಹೋಗೋದಾ ಅಮ್ಮ?" ಎಂದಳು.

"ಸೂತಕ ಅಂದ್ರೆ ಆ ಮೆಷಿನ್ನಿಗೆ ಗೊತ್ತಾಗುತ್ತಾ?" ಎಂದರು ಅತ್ತಿಗೆ. ಆಮೇಲೆ ಗೇಟಿನ ಕಡೆ ನೋಡಿದರು. ಅಲ್ಲಿ ಹದಿನಾಲ್ಕು ತಿಂಗಳ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಗದ್ದೆ ಕಾಣುತ್ತಿತ್ತು.

ಕೀಲಿ ಯಾವಾಗಲೂ ಇರುವ ಮೊಳೆಯಲ್ಲೇ ಇತ್ತು. ತೆಗೆದುಕೊಳ್ಳಲಾ ಎಂದು ನಾನು ಕೇಳಲಿಲ್ಲ. ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಿನ್ನೆ ಬೆಳಿಗ್ಗೆಯಷ್ಟೇ ಅದಕ್ಕೆ ಉಸಿರು ಸಿಕ್ಕಿತ್ತು. ಗೇಟಿನ ಎರಡು ಬಾಗಿಲನ್ನೂ ತೆರೆದು, ಮುಂದಿನ ಚಕ್ರ ಹೊರಗೆ, ಹಿಂದಿನ ಚಕ್ರ ಒಳಗೆ ಬರುವ ಹಾಗೆ, ಮೂತಿ ರಸ್ತೆಯ ಕಡೆಗೆ ಮಾಡಿ ನಿಲ್ಲಿಸಿದೆ. ಅವರೇ ಬಿಟ್ಟುಕೊಟ್ಟ ಎಂಟು ಅಡಿಯ ಜಾಗ. ಪಕ್ಕದಲ್ಲಿ ಒಂದು ಆಟೋ ತಿರುಗುವಷ್ಟು ಎಡೆ ಉಳಿಯಿತು; ಟಿಪ್ಪರ್ ನಿಲ್ಲುವಷ್ಟು ಉಳಿಯಲಿಲ್ಲ. ಇಳಿದು ಒಂದು ಸುತ್ತು ಬಂದೆ. ಗೋಡೆಗೂ ಗಾಡಿಗೂ ನಡುವೆ ಕೈ ಹಾಯಿಸಿ ನೋಡಿದೆ. ಮೂತಿಯ ಮೇಲೆ ತಟ್ಟಲು ಮಾತ್ರ ಆಗಲಿಲ್ಲ.

ಐದೂವರೆಗೆ ಟಿಪ್ಪರ್ ಬಂತು. ಅಂಗಳದಲ್ಲಿ ಒಂದು ಹಗಲು ನಿಂತದ್ದಕ್ಕೇ ಅವನ ಎರಡು ಇಂಟರ್‌ಲಾಕ್ ಕುಸಿದಿದ್ದವಂತೆ. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿ ಹಾರ್ನ್ ಹೊಡೆದ. ತಲೆ ಹೊರಗೆ ಹಾಕಿ, ಮೆತ್ತಗೇ, "ಏಟ್ಟಾ, ಆ ವ್ಯಾನು ಸ್ವಲ್ಪ ಒಳಗೆ ತಗೋ. ನನಗೆ ಅವಕಾಶಂ ಉಂಟಲ್ಲ, ಕಾಗದ ಉಂಟಲ್ಲ. ನೀನೇ ಓದಿ ಸಹಿ ಹಾಕಿದ್ದು" ಎಂದ.

"ಓದಿರಲಿಲ್ಲ" ಎಂದೆ. ಮಲಯಾಳದಲ್ಲೇ, ಗಟ್ಟಿಯಾಗಿ ಹೇಳಿದೆ. ಮೂರು ಮನೆಯವರು ಗೇಟಿಗೆ ಬಂದಿದ್ದರು. ಅವರಿಗೂ ಕೇಳಿಸಲಿ ಎಂದು ಇನ್ನೊಂದು ಸಲ ಹೇಳಿದೆ. "ನಾನು ಅದನ್ನ ಓದಿರಲಿಲ್ಲ. ಎರಡು ವಾರ ಅಂತ ಅವರು ಹೇಳಿದ್ದು. ನಾನು ಪಂಚಾಯತ್ತಲ್ಲಿ ಸುಳ್ಳು ಹೇಳಿದೆ. ನಾಳೆ ಹೋಗಿ ಬರೆದು ಕೊಡ್ತೀನಿ."

ಅವನು ಮತ್ತೆ ಹಾರ್ನ್ ಹೊಡೆದ. ಜಗಲಿಯಿಂದ ಅತ್ತಿಗೆಯ ದನಿ ಬಂತು, ಅವನ ಭಾಷೆಯಲ್ಲೇ, ಅವನಷ್ಟೇ ಮೆತ್ತಗೆ, ಮಗನನ್ನು ಕರೆಯುವ ಹಾಗೆ: "ಧೃತಿ ವೇಂಡ ಮೋನೇ."

ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ನಮಗೆ ಬೇಕು, ಧೃತಿ" ಎಂದರು.

ಟಿಪ್ಪರಿನ ಎಂಜಿನ್ ಎದುರಿಗೇ ಗುಡುಗುತ್ತಿತ್ತು. ವ್ಯಾನಿನ ಬಾಗಿಲು ತೆರೆದು ಇನ್ನೊಮ್ಮೆ ನೋಡಿದೆ. ಹ್ಯಾಂಡ್‌ಬ್ರೇಕ್ ಎಳೆದಿತ್ತು. ಗಾಡಿ ಗೇರಿನಲ್ಲಿತ್ತು.